ವಾಟ್ಸ್ಆ್ಯಪ್ ಸಾಕ್ಷ್ಯಕ್ಕೆ ಇಡೀ ಫೋನ್ ಬೇಕೇ?

ಮಲ್ಪೆಯ ಮೀನಿನ ಲೆಕ್ಕ, ಮಂಗಳೂರಿನ ಫ್ಲ್ಯಾಟಿನ ಮುಂಗಡ, ಗಲ್ಫ್ ವೀಸಾದ ಹಣ: ಮಾತುಕತೆಯೆಲ್ಲ ಈಗ ವಾಟ್ಸ್ಆ್ಯಪಿನಲ್ಲೇ. ವ್ಯವಹಾರ ಕೆಟ್ಟು ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯ ಮೆಟ್ಟಿಲು ಹತ್ತಿದಾಗ ಚಾಟಿನ ಪ್ರತಿ ಕೊಟ್ಟರೆ ಸಾಕೇ, ಫೋನನ್ನೇ ಒಪ್ಪಿಸಬೇಕೇ?

ಪರ: ಫೋನ್ ಇಲ್ಲದೆ ಚಾಟ್ ನಂಬುವುದು ಹೇಗೆ?

ಸ್ಕ್ರೀನ್‌ಶಾಟ್ ಎಂದರೆ ಒಂದು ಚಿತ್ರ, ಅಷ್ಟೆ. ಗೆಳೆಯನ ನಂಬರನ್ನು ಎದುರಾಳಿಯ ಹೆಸರಲ್ಲಿ ಸೇವ್ ಮಾಡಿಕೊಂಡು ಮೆಸೇಜ್ ತರಿಸಿಕೊಂಡರೆ ಬೇಕಾದ ಚಾಟ್ ಸಿದ್ಧ. ‘ಎಕ್ಸ್‌ಪೋರ್ಟ್ ಚಾಟ್’ ಕೊಡುವುದು ಬರೀ ಟೆಕ್ಸ್ಟ್ ಕಡತ. ಅದರಲ್ಲಿ ‘ಇಲ್ಲ’ವನ್ನು ‘ಹೌದು’ ಮಾಡಲು ನೋಟ್‌ಪ್ಯಾಡ್ ಸಾಕು.

ಆ್ಯಂಡ್ರಾಯ್ಡ್ ಫೋನಿನೊಳಗೆ ಮೆಸೇಜುಗಳು ‘ಎಂಎಸ್‌ಜಿಸ್ಟೋರ್’ ಎಂಬ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿರುತ್ತವೆ, ಐಫೋನಿನಲ್ಲಿ ‘ಚಾಟ್‌ಸ್ಟೋರೇಜ್’ನಲ್ಲಿ. ಪ್ರತಿ ಮೆಸೇಜಿಗೂ ಒಂದು ಗುರುತು ಉಂಟು. ಕಳಿಸಿದವರ ಫೋನಿನಲ್ಲೂ ಪಡೆದವರ ಫೋನಿನಲ್ಲೂ ಅದು ಒಂದೇ. ಎರಡೂ ತಾಳೆಯಾದರೆ ‘ನನ್ನ ಖಾತೆಯಿಂದ ಹೋದದ್ದಲ್ಲ’ ಎಂಬ ವಾದ ನಿಲ್ಲುವುದು ಕಷ್ಟ. ಸ್ಕ್ರೀನ್‌ಶಾಟಿನಲ್ಲಿ ಈ ಗುರುತು ಕಾಣುವುದೇ ಇಲ್ಲ.

ಹೊತ್ತಿನ ಲೆಕ್ಕವೂ ಅಲ್ಲೇ ಸರಿಯಾಗಿ ಸಿಗುವುದು. ದುಬೈಯ ಫೋನಿನಲ್ಲಿ ರಾತ್ರಿ 11:10 ಎಂದು ಕಾಣುವ ಮೆಸೇಜು ಉಡುಪಿಯ ಫೋನಿನಲ್ಲಿ 12:40, ದಿನಾಂಕವೇ ಬೇರೆ! ಎರಡು ಸ್ಕ್ರೀನ್‌ಶಾಟ್ ಅಕ್ಕಪಕ್ಕ ಇಟ್ಟರೆ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸುತ್ತದೆ. ಡೇಟಾಬೇಸಿನಲ್ಲಿ ಹೊತ್ತು ಯುಟಿಸಿಯಲ್ಲೇ (ಜಗತ್ತಿಗೆಲ್ಲ ಒಂದೇ ಆದ ಹೊತ್ತಿನಲ್ಲಿ) ಇರುತ್ತದೆ. ಆದರೆ ಆ್ಯಂಡ್ರಾಯ್ಡ್ 1970ರಿಂದ ಮಿಲಿಸೆಕೆಂಡ್ ಎಣಿಸಿದರೆ ಐಫೋನ್ 2001ರಿಂದ ಸೆಕೆಂಡ್ ಎಣಿಸುತ್ತದೆ. ಇದು ಗೊತ್ತಿಲ್ಲದೆ ಕೈಲೆಕ್ಕ ಹಾಕಿದರೆ 31 ವರ್ಷ ತಪ್ಪುತ್ತದೆ.

ಅಳಿಸಿದ ಮೆಸೇಜಿನ ವಿಷಯಕ್ಕೆ ಬಂದರಂತೂ ಫೋನ್ ಬೇಕೇ ಬೇಕು. ಅಳಿಸಿದ ಸಾಲಿನ ಜಾಗವನ್ನು ಡೇಟಾಬೇಸ್ ‘ಖಾಲಿ’ ಎಂದು ಗುರುತು ಹಾಕುತ್ತದೆ. ಮೇಲೆ ಹೊಸದು ಬರೆಯುವ ತನಕ ಹಳೆಯ ಅಕ್ಷರ ಉಳಿದಿರಬಹುದು. ಇತ್ತೀಚಿನ ಬದಲಾವಣೆಗಳು ‘ಡಬ್ಲ್ಯುಎಎಲ್’ ಎಂಬ ಜೊತೆ ಕಡತದಲ್ಲಿರುತ್ತವೆ. ಮೂಲವನ್ನೇ ಸಾಮಾನ್ಯ ವೀಕ್ಷಕ ತಂತ್ರಾಂಶದಲ್ಲಿ ತೆರೆದು ಮುಚ್ಚಿದರೆ ಅದು ಮುಖ್ಯ ಕಡತಕ್ಕೆ ಸೇರಿ, ಸಿಗಬೇಕಿದ್ದದ್ದು ಅಲ್ಲಿಗೇ ಮುಗಿಯುತ್ತದೆ. ಜೊತೆ ಕಡತಗಳನ್ನೂ ಒಟ್ಟಿಗೇ ಪ್ರತಿ ಮಾಡಿ, ಪ್ರತಿಯ ಮೇಲೇ ಕೆಲಸ ಮಾಡಬೇಕು. ಇನ್ನು ಬೆಳಗಿನ ಜಾವ 2 ಗಂಟೆಗೆ ಆಗುವ ಸ್ಥಳೀಯ ಬ್ಯಾಕಪ್. ಇವತ್ತು ಅಳಿಸಿದ್ದು ನಿನ್ನೆಯ ಬ್ಯಾಕಪ್ಪಿನಲ್ಲಿ ಇದ್ದೀತು. ಅದು ‘ಕ್ರಿಪ್ಟ್14’ ಎಂಬ ಗೂಢಲಿಪಿ ರೂಪದಲ್ಲಿದ್ದರೆ ಅದನ್ನು ಬಿಡಿಸುವ ಕೀಲಿ ಫೋನಿನ ಒಳಗೇ ಇರುತ್ತದೆ.

ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ್ದೂ ನೆನಪಿರಲಿ: ಮಾಲೀಕರೇ ಮೂಲ ಸಾಧನವನ್ನು ಸಾಕ್ಷಿಕಟ್ಟೆಗೆ ತಂದು ತೋರಿಸಿದರೆ, ಪ್ರತಿ ಯಾವ ಸಾಧನದಿಂದ ಹೇಗೆ ಬಂತೆಂದು ಹೇಳುವ ಪ್ರಮಾಣಪತ್ರ ಬೇಡ, ಪ್ರತಿಯಾದರೆ ಕಡ್ಡಾಯ.

ವಿರೋಧ: ಡೇಟಾ ತೆಗೆದುಕೊಳ್ಳಿ, ಫೋನ್ ಹಿಂದೆ ಕೊಡಿ

ತಾಳೆ ನೋಡಬೇಕು, ಸರಿ. ಅದಕ್ಕೆ ಬೇಕಾದದ್ದು ಡೇಟಾ. ಮಾಲ್‌ಖಾನೆಯಲ್ಲಿ ತಿಂಗಳುಗಟ್ಟಲೆ ಬಿದ್ದಿರುವ ಫೋನ್ ಅಲ್ಲ. ವಶಪಡಿಸಿಕೊಂಡು ಸ್ವಿಚ್ ಆಫ್ ಮಾಡಿದ ಫೋನಿನ ಸ್ಥಿತಿಯೇ ಬೇರೆ. ಮತ್ತೆ ಹಚ್ಚಿದಾಗ ಪಿನ್ ಹಾಕುವ ತನಕ ಗೂಢಲಿಪಿ ಬಿಡಿಸುವ ಕೀಲಿಗಳು ಮೆಮೊರಿಗೆ ಬರುವುದಿಲ್ಲ, ಚಾಟ್ ಕೈಗೆ ಸಿಗುವುದಿಲ್ಲ. ಆಫ್ ಮಾಡದೆ ಫ್ಯಾರಡೆ ಚೀಲಕ್ಕೆ (ಸಿಗ್ನಲ್ ತಡೆಯುವ ಚೀಲ) ಹಾಕಿದರೆ ನೆಟ್‌ವರ್ಕ್ ಹುಡುಕಿ ಹುಡುಕಿ ಬ್ಯಾಟರಿ ಬೇಗ ಇಳಿಯುತ್ತದೆ. ಐಒಎಸ್ 18.1 ಅಥವಾ ಅದರ ನಂತರದ ಐಫೋನಂತೂ ಮೂರು ದಿನ ಲಾಕ್ ತೆಗೆಯದಿದ್ದರೆ ತಾನೇ ರೀಬೂಟ್ ಆಗುತ್ತದೆ. ಪ್ರಯೋಗಾಲಯದ ಸರದಿ ಬರುವಷ್ಟರಲ್ಲಿ ಸಾಕ್ಷ್ಯವೇ ದೂರವಾಗಿರುತ್ತದೆ.

ದೂರುದಾರರು, ಸಾಕ್ಷಿಗಳ ಮಟ್ಟಿಗೆ ಕೆಲಸ ಮೊದಲ ದಿನವೇ ಮುಗಿಯಬೇಕು. ಅವರ ಎದುರೇ ಲಾಕ್ ತೆಗೆಸಿ, ಏರೋಪ್ಲೇನ್ ಮೋಡ್ ಹಾಕಿ (ವೈಫೈ, ಬ್ಲೂಟೂತ್ ಆಫ್ ಆಗಿದೆಯೇ ಎಂದು ಬೇರೆಯಾಗಿ ನೋಡಬೇಕು, ಹೆಚ್ಚಿನವರು ಇಲ್ಲೇ ಎಡವುವುದು), ವಿಡಿಯೊ ಮಾಡಿಕೊಳ್ಳುತ್ತ ಡೇಟಾ ತೆಗೆದು, ಆ ಕಡತದ ಎಸ್‌ಎಚ್‌ಎ-256 ಹ್ಯಾಶ್ ಅನ್ನು (ಕಡತದಲ್ಲಿ ಒಂದಕ್ಷರ ಬದಲಾದರೂ ಬದಲಾಗುವ ಗುರುತು ಸಂಖ್ಯೆ) ಮಹಜರಿನಲ್ಲಿ ಬರೆಯಬೇಕು. ಹ್ಯಾಶ್ ಇರುವುದು ತೆಗೆದ ಕಡತಕ್ಕೆ, ಫೋನಿಗಲ್ಲ. ಓಡುತ್ತಿರುವ ಫೋನಿನಿಂದ ಇನ್ನೊಮ್ಮೆ ತೆಗೆದರೆ ಬೇರೆಯೇ ಹ್ಯಾಶ್ ಬರುತ್ತದೆ. ಮಹಜರಿನಲ್ಲಿ ಇದು ಸ್ಪಷ್ಟವಾಗಿರದಿದ್ದರೆ ಪಾಟೀಸವಾಲಿನಲ್ಲಿ ಎದುರು ವಕೀಲರು ಹಿಡಿಯುವುದು ಇದನ್ನೇ.

ಅಳಿಸಿದ್ದು ಸಿಗುತ್ತದೆ ಎಂಬ ಆಸೆಗೂ ಮಿತಿ ಉಂಟು. ಆ್ಯಪನ್ನೇ ತೆಗೆದುಹಾಕಿದ್ದರೆ ಇಂದಿನ ಫೋನುಗಳಲ್ಲಿ ಕಡತದ ಗೂಢಲಿಪಿ ಕೀಲಿಯೂ ಹೋಗುತ್ತದೆ, ಹುಡುಕಿದರೆ ಅರ್ಥವಿಲ್ಲದ ಬೈಟುಗಳಷ್ಟೆ. ಸಿಕ್ಕಿದ ತುಣುಕಿನಲ್ಲಿ ಎಷ್ಟೋ ಸಲ ಕಳಿಸಿದವರ ನಂಬರೂ ಇಲ್ಲ, ಹೊತ್ತೂ ಇಲ್ಲ. ಅಂಥದ್ದಕ್ಕಾಗಿ ಸಾಕ್ಷಿಯ ಬ್ಯಾಂಕ್ ಒಟಿಪಿ, ಆಸ್ಪತ್ರೆ ರಿಪೋರ್ಟ್, ಮನೆಯವರ ಫೋಟೋ ಎಲ್ಲವನ್ನೂ ಠಾಣೆಗೆ ಒಪ್ಪಿಸಬೇಕೇ? ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2021ರಲ್ಲೇ ಫೋನ್ ಶೋಧಕ್ಕೆ ಸಾಮಾನ್ಯವಾಗಿ ವಾರಂಟ್ ಬೇಕೆಂದಿತು.

ಪ್ರಮಾಣಪತ್ರದ ನೆಪವೂ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರತಿಯನ್ನು ಒಪ್ಪುತ್ತದೆ: ಭಾಗ ‘ಎ’ ಹಾಜರುಪಡಿಸುವವರದ್ದು, ಭಾಗ ‘ಬಿ’ ತಜ್ಞರದ್ದು, ಎರಡರಲ್ಲೂ ಹ್ಯಾಶ್.

ಆರೋಪಿಯ ಫೋನಿನ ಮಾತು ಬೇರೆ, ಅದು ಹಿಂದೆ ಹೋದರೆ ಉಳಿದದ್ದೂ ಅಳಿಯಬಹುದು. ದೂರುದಾರರಿಂದಾದರೆ ಚಾಟ್ ಅಳಿಸುವುದಿಲ್ಲ, ಆ್ಯಪ್ ತೆಗೆದು ಮತ್ತೆ ಹಾಕುವುದಿಲ್ಲ, ಕೋರ್ಟ್ ಕರೆದಾಗ ಇದೇ ಫೋನ್ ತರುತ್ತೇವೆ ಎಂದು ಬರೆಸಿಕೊಂಡು ಅದೇ ಸಂಜೆ ಫೋನ್ ಕೊಟ್ಟು ಕಳಿಸಬಹುದು.