ಕಂಪ್ಯೂಟರ್‌ಗೆ ಲಿಕ್ವಿಡ್ ಕೂಲರ್ ಬೇಕಾ? ಪರ – ವಿರೋಧ

ಪರ: ಮೇ ತಿಂಗಳಲ್ಲಿ ರಾಯಚೂರಿಗೆ ಬಂದು ಮಾತಾಡಿ

ಲಿಕ್ವಿಡ್ ಕೂಲರಿನ ಡಬ್ಬ ಮನೆಗೆ ಬಂದ ದಿನ ಅಪ್ಪ ಕೇಳಿದ್ದು ಒಂದೇ ಮಾತು: ‘ದಿನಾ ಎಷ್ಟು ಕೊಡ ನೀರು ಹಾಕಬೇಕಪಾ ಇದಕ್ಕ?’

ತಪ್ಪು ಅವರದಲ್ಲ. ರಾಯಚೂರಿನಲ್ಲಿ ಕೂಲರ್ ಅಂದರೆ ಕಿಟಕಿಗೆ ಇಡುವ ಕೂಲರ್. ಮಾರ್ಚ್ ಬಂತೆಂದರೆ ಅದಕ್ಕೆ ಹೊಸ ಹುಲ್ಲು ಹಾಕಿಸಬೇಕು, ಬೆಳಿಗ್ಗೆ ಸಂಜೆ ಬಕೆಟ್ ಹೊರಬೇಕು. ನನ್ನ ಡಬ್ಬದಲ್ಲಿದ್ದ ಕೂಲರಿಗೆ ನೀರು ಹಾಕುವ ಹಾಗೇ ಇಲ್ಲ. ಕಾರ್ಖಾನೆಯಲ್ಲೇ ತುಂಬಿ ಮುಚ್ಚಿರುತ್ತಾರೆ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಮೇಲೆ ಕೂತು ಅದರ ಬಿಸಿ ಹೀರುವ ತಾಮ್ರದ ತಟ್ಟೆ, ಅದರ ಬೆನ್ನಿಗೆ ಪುಟ್ಟ ಪಂಪ್, ಎರಡು ರಬ್ಬರ್ ಪೈಪು, ಮೂರು ಫ್ಯಾನ್ ಹೊತ್ತ ರೇಡಿಯೇಟರ್. ಕಾರಿನ ಬಾನೆಟ್ ಎತ್ತಿ ನೋಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ನಾನು ಮದುವೆ ವಿಡಿಯೊ ಎಡಿಟ್ ಮಾಡುವವನು. ನಮ್ಮ ಕಡೆ ಲಗ್ನದ ಸೀಸನ್ ಅಂದರೆ ಏಪ್ರಿಲ್, ಮೇ. ಕೈತುಂಬ ಕೆಲಸ ಇರುವ ದಿನಗಳೇ ತಲೆ ಸುಡುವ ಬಿಸಿಲಿನ ದಿನಗಳು. ಹೊರಗೆ 42 ಡಿಗ್ರಿ ಇದ್ದರೆ ಮಹಡಿ ಮೇಲಿನ ನನ್ನ ಕೋಣೆಯಲ್ಲಿ 37. ಏಸಿ ಇಲ್ಲ. ‘ಪ್ರೊಸೆಸರಿಗೆ ಲಿಕ್ವಿಡ್ ಯಾಕೆ, ಬರೀ ಗಾಳಿಯಲ್ಲಿ ತಣಿಸುವ ಒಳ್ಳೆ ಏರ್ ಕೂಲರ್ ಹಾಕಿಸಿ, ಸಾಕು’ ಅನ್ನುವವರ ಮಾತು ಕೇಳಿದಾಗೆಲ್ಲ ನನಗೆ ಒಂದೇ ಅನುಮಾನ. ಇವರು ಎಲ್ಲಿ ಕೂತು ಹೇಳುತ್ತಿದ್ದಾರೆ?

ನನ್ನ ಪ್ರೊಸೆಸರ್ ಎಎಂಡಿ ಕಂಪನಿಯ ರೈಜೆನ್ 9 7950ಎಕ್ಸ್. ಡಬ್ಬದ ಮೇಲೆ 170 ವ್ಯಾಟ್ ಅಂತ ಇದ್ದರೂ ರೆಂಡರ್‌ಗೆ, ಅಂದರೆ ಎಡಿಟ್ ಮಾಡಿದ್ದನ್ನೆಲ್ಲ ಸೇರಿಸಿ ಒಂದೇ ವಿಡಿಯೊ ಮಾಡಲು ಕೂರಿಸಿದರೆ 230ರವರೆಗೂ ಎಳೆಯುತ್ತೆ. ಇದರದ್ದೊಂದು ವಿಚಿತ್ರ ಗುಣ ಇದೆ. ಯಾವ ಕೂಲರ್ ಹಾಕಿದರೂ, ಪೂರ್ತಿ ಕೆಲಸ ಕೊಟ್ಟರೆ 95 ಡಿಗ್ರಿಯ ಹತ್ತಿರ ಹೋಗಿ ನಿಲ್ಲುತ್ತೆ. ಎಎಂಡಿ ಅದನ್ನು ಮಾಡಿರುವುದೇ ಹಾಗೆ. ಅದನ್ನು ನೋಡಿ ಹೆದರಿ ಕೂಲರ್ ಕೆಟ್ಟಿದೆ ಅಂತ ವಾಪಸ್ ಕೊಟ್ಟವರನ್ನೂ ನೋಡಿದ್ದೇನೆ. ಲೆಕ್ಕ ಹಾಕಬೇಕಾದ್ದು 95 ಬಂತಾ ಅಂತಲ್ಲ, 95ರಲ್ಲಿ ನಿಂತಾಗ ಎಷ್ಟು ವೇಗದಲ್ಲಿ ಓಡುತ್ತಿದೆ ಅಂತ. ಬಿಸಿ ಬೇಗ ಹೊರಗೆ ಹೋದಷ್ಟೂ ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳುತ್ತೆ. ಹೋಗದಿದ್ದರೆ ಎತ್ತು ಏರು ಹತ್ತಿದ ಹಾಗೆ ಹೆಜ್ಜೆ ನಿಧಾನ ಮಾಡುತ್ತೆ.

ರೇಡಿಯೇಟರ್ ಕೂಡ ಅದೇ 37 ಡಿಗ್ರಿಯ ಕೋಣೆಗೇ ಬಿಸಿ ಬಿಡೋದಲ್ವಾ ಅಂತ ಕೇಳುತ್ತಾರೆ. ಬಿಡಲಿ. ಎಲ್ಲಿಂದ ಬಿಡುತ್ತೆ ನೋಡಿ. ಲೋಹದ ರೆಕ್ಕೆಗಳ ಗೋಪುರದಂಥ ಏರ್ ಕೂಲರ್, ಅಂದರೆ ಟವರ್ ಕೂಲರ್, ಕೇಸಿನ ನಟ್ಟನಡುವೆ ನಿಂತು, ಗ್ರಾಫಿಕ್ಸ್ ಕಾರ್ಡ್ ಉಗುಳಿದ ಬಿಸಿಗಾಳಿಯನ್ನೇ ಕುಡಿಯುತ್ತೆ. ರೇಡಿಯೇಟರ್ ನೆತ್ತಿ ಮೇಲೆ ಕೂತು ಹೊರಗೆ ನೂಕುತ್ತೆ, ಅಡುಗೆಮನೆಯ ಚಿಮಣಿ ಥರ. ಸದ್ದಿನ ವಿಷಯವೂ ಇದೆ. ನೀರು ಬಿಸಿಯಾಗಲು ಹೊತ್ತು ಬೇಕು. ಹಾಗಾಗಿ ಎರಡು ಸೆಕೆಂಡ್ ಕೆಲಸ ಬಂದ ಕೂಡಲೇ ಫ್ಯಾನು ‘ಗುಂಯ್’ ಅನ್ನುವುದಿಲ್ಲ. ವಾಲಗದ ಸದ್ದನ್ನೂ ಮಂತ್ರದ ಸದ್ದನ್ನೂ ಹದ ಮಾಡುತ್ತ ಕೂತವನಿಗೆ ಇದರ ಬೆಲೆ ಗೊತ್ತು.

ಇಷ್ಟು ಹೇಳಿದರೂ ನಾನು ಲಿಕ್ವಿಡ್‌ಗೆ ಬಂದಿದ್ದು ಬಿಸಿಲಿಂದಲ್ಲ, ಬಸ್ಸಿಂದ.

ಹಿಂದಿನ ಮಶೀನು ರೈಜೆನ್ 9 3900ಎಕ್ಸ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದೊಂದೇ ಸಾಮಾನು ಆರಿಸಿ, ಅಲ್ಲೇ ಜೋಡಿಸಿಸಿ, ರಾತ್ರಿ ಬಸ್ಸಿಗೆ ತಂದೆ. ಒಳಗೆ ಮುಕ್ಕಾಲು ಕೇಜಿಯ ಟವರ್ ಕೂಲರ್. ಮದರ್‌ಬೋರ್ಡಿನ ಎರಡು ಪ್ಲಾಸ್ಟಿಕ್ ಕೊಕ್ಕೆಗೆ ಸಿಗಿಸುವ ಜಾತಿಯದು. ಡಿಕ್ಕಿಯಲ್ಲಿ ಇಡಲು ಮನಸ್ಸಾಗದೆ ಕಾಲ ಹತ್ತಿರ ಇಟ್ಟುಕೊಂಡು, ರಾತ್ರಿಯೆಲ್ಲ ಮೊಣಕಾಲಿಂದ ಒತ್ತಿ ಹಿಡಿದಿದ್ದೆ. ಬೆಳಗಿನ ಜಾವ ಯಾವುದೋ ಹಂಪ್ ಹಾರಿದಾಗ ಡಬ್ಬದೊಳಗೆ ‘ಟಕ್’ ಅಂತು.

ಮನೆಗೆ ಬಂದು ಬಿಚ್ಚಿದರೆ ಒಂದು ಕೊಕ್ಕೆ ಮುರಿದು, ಕೂಲರ್ ಗ್ರಾಫಿಕ್ಸ್ ಕಾರ್ಡಿನ ಮೇಲೆ ಮಲಗಿತ್ತು. ಅದರ ತಳಕ್ಕೆ, ಬಿಸಿ ದಾಟಿಸಲು ನಡುವೆ ಹಚ್ಚುವ ಪೇಸ್ಟಿನಲ್ಲಿ ಅಂಟಿಕೊಂಡು ಪ್ರೊಸೆಸರೂ ಕಿತ್ತು ಬಂದಿತ್ತು. ಆ ಜಾತಿಯ ಪ್ರೊಸೆಸರಿನ ಹೊಟ್ಟೆಯಲ್ಲಿ 1331 ಪಿನ್ನುಗಳು. ಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಒಂದು ಮೂಲೆಯ ಏಳು ಪಿನ್ನು ಗಾಳಿಗೆ ಬಿದ್ದ ಜೋಳದ ದಂಟಿನ ಹಾಗೆ ಒಂದೇ ಕಡೆ ಮಲಗಿದ್ದವು. ಕಂಪ್ಯೂಟರ್ ಅಂಗಡಿಯವರು ‘ಹೊಸದು ತಗೊಳ್ಳಿ’ ಅಂದರು. ತೀನ್ ಕಂದೀಲ್ ಹತ್ತಿರ ಗಡಿಯಾರ ರಿಪೇರಿ ಮಾಡುವ ಅಜ್ಜ ಒಬ್ಬರಿದ್ದಾರೆ. ಅವರ ಮುಂದೆ ಇಟ್ಟೆ. ಕಣ್ಣಿಗೆ ದುರ್ಬೀನು ಸಿಗಿಸಿಕೊಂಡು, ಉಸಿರು ಬಿಗಿಹಿಡಿದು, ಚಿಮಟದ ತುದಿಯಿಂದ ಒಂದೊಂದೇ ಎತ್ತಿ ನಿಲ್ಲಿಸಿದರು. ಮುಕ್ಕಾಲು ಗಂಟೆ. ‘ಇದು ಯಾವ ಕಂಪನಿ ಗಡಿಯಾರಪಾ?’ ಅಂತ ಬೇರೆ ಕೇಳಿದರು. ಐವತ್ತು ರೂಪಾಯಿ ತಗೊಂಡರು. ಪ್ರೊಸೆಸರ್ ಇವತ್ತಿಗೂ ನನ್ನ ತಮ್ಮನ ಮನೆಯಲ್ಲಿ ಓಡುತ್ತಿದೆ.

ಅವತ್ತೇ ತೀರ್ಮಾನ ಮಾಡಿದೆ. ಮದರ್‌ಬೋರ್ಡಿನ ಎದೆಗೆ ಇಟ್ಟಿಗೆ ತೂಗುಹಾಕುವ ಕೆಲಸ ಇನ್ನು ಬೇಡ. ಲಿಕ್ವಿಡ್‌ನಲ್ಲಿ ಭಾರವೆಲ್ಲ ಕೇಸಿನ ಉಕ್ಕಿಗೆ. ಪ್ರೊಸೆಸರ್ ಮೇಲೆ ಉಳಿಯುವುದು ಪಂಪು ಮಾತ್ರ.

ಕೊಳ್ಳುವ ಮುಂಚೆ ಟೇಪು ಹಿಡಿದು ಅಳೆಯಿರಿ. ಕೂಲರಿನ ಡಬ್ಬದ ಮೇಲಿನ 360 ಅಂದರೆ ರೇಡಿಯೇಟರ್ 360 ಮಿಲಿಮೀಟರ್ ಅಂತ ನಂಬಿ ಮೋಸ ಹೋಗಬೇಡಿ. ಅದು ಮೂರು ಫ್ಯಾನಿನ ಲೆಕ್ಕ, ರೇಡಿಯೇಟರ್ ಪೂರ್ತಿ ಉದ್ದ 400ರ ಹತ್ತಿರ ಇರುತ್ತೆ. ಸಾಮಾನ್ಯವಾಗಿ ದಪ್ಪ 27, ಅದರ ಮೇಲೆ ಫ್ಯಾನು 25, ಒಟ್ಟು 52. ಕೇಸಿನ ಮಾಡಿಗೂ ರ‍್ಯಾಮ್‌ಗೂ ನಡುವೆ ಅಷ್ಟು ಜಾಗ ಇಲ್ಲದಿದ್ದರೆ ಮುಂಭಾಗಕ್ಕೆ ಹಾಕಬೇಕಾಗುತ್ತೆ.

ಕೂರಿಸುವುದು ಕಷ್ಟ ಅಲ್ಲ. ನನ್ನ ಪ್ರೊಸೆಸರ್ ಕೂರುವ ಎಎಂ5 ಜಾತಿಯ ಮದರ್‌ಬೋರ್ಡಿನಲ್ಲಿ ಮೇಲಿನ ಪ್ಲಾಸ್ಟಿಕ್ ಕೊಕ್ಕೆಗಳನ್ನು ತೆಗೆದು, ಕೂಲರ್ ಜೊತೆ ಬಂದ ಕಂಬಗಳನ್ನು ಹಿಂದಿನ ಪ್ಲೇಟಿಗೇ ತಿರುಗಿಸಿದರಾಯಿತು. ಸ್ಕ್ರೂಗಳನ್ನು ಒಂದು ಬದಿ ಪೂರ್ತಿ ಬಿಗಿದು ಆಮೇಲೆ ಇನ್ನೊಂದು ಅಂತ ಮಾಡಬೇಡಿ. ಸ್ಟೆಪ್ನಿ ಬದಲಿಸುವಾಗ ನಟ್ ಬಿಗಿಯುವ ಹಾಗೆ ಎದುರುಬದುರು, ಸ್ವಲ್ಪ ಸ್ವಲ್ಪ. ಪಂಪಿನ ವೈರನ್ನು ಬೋರ್ಡಿನಲ್ಲಿ ಪಂಪಿಗೆಂದೇ ಇರುವ ಪಿನ್ನಿಗೆ ಕೊಟ್ಟು ಪೂರ್ತಿ ವೇಗಕ್ಕೆ ಬಿಡಿ. ಫ್ಯಾನಿನ ವೈರು ಸಿಪಿಯು ಫ್ಯಾನ್ ಪಿನ್ನಿಗೆ. ಅದು ಖಾಲಿ ಇದ್ದರೆ ಆನ್ ಆಗುವಾಗಲೇ ಎರರ್ ತೋರಿಸಿ ನಿಲ್ಲುವ ಬೋರ್ಡುಗಳಿವೆ. ಇನ್ನೊಂದು ವಿಷಯ: ತಾಮ್ರದ ತಟ್ಟೆಗೆ ಒಂದು ಪಾರದರ್ಶಕ ಹಾಳೆ ಅಂಟಿಸಿರುತ್ತಾರೆ, ಅದನ್ನು ಕೀಳಬೇಕು. ನಾನು ಕೀಳಲಿಲ್ಲ. ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ, ಅಂದರೆ ಬಯಾಸ್‌ನಲ್ಲೇ 90 ಡಿಗ್ರಿ ದಾಟಿತು, ಬೆವರಿಳಿಯಿತು. ಅದು ಕೂಲರಿನ ತಪ್ಪಲ್ಲ ಬಿಡಿ.

ಪಂಪ್ ಕೆಡುತ್ತೆ ಅಂತಾರೆ. ಬೋರ್‌ವೆಲ್ ಮೋಟರ್ ಕೆಡಲ್ವಾ? ಅದಕ್ಕೆ ಯಾರಾದರೂ ಹಗ್ಗ ಕೊಡ ಹಿಡಿದು ಬಾವಿಕಟ್ಟೆಗೆ ವಾಪಸ್ ಹೋಗಿದ್ದಾರಾ? ಸೋರುತ್ತೆ ಅಂತಾರೆ. ಅವರ ಮಾತು ಕೇಳಿದರೆ ಮನೆಗೆ ತುಂಗಭದ್ರೆ ನುಗ್ಗುತ್ತಾಳೆ ಅನ್ನಿಸಬೇಕು.

ಇದನ್ನು ಬರೆಯುವಾಗ ಪಕ್ಕದಲ್ಲಿ ಮಾನ್ವಿಯ ಒಂದು ಲಗ್ನ ರೆಂಡರ್ ಆಗುತ್ತಿದೆ. ಇನ್ನೂ ನಲವತ್ತು ನಿಮಿಷ ತೋರಿಸುತ್ತಿದೆ. ಕೆಳಗೆ ಅಪ್ಪ ಕಿಟಕಿಯ ಕೂಲರಿಗೆ ಎರಡನೇ ಬಕೆಟ್ ಸುರಿಯುತ್ತಿದ್ದಾರೆ.

ವಿರೋಧ: ಲೋಹದ ತುಂಡಿಗೆ ಕೆಡಲು ಏನಿದೆ?

‘ಪರ ಬರೆಯುವವರು ಸಿಕ್ಕಿದ್ದಾರೆ, ನೀವು ವಿರೋಧ ಬರೆಯಿರಿ’ ಅಂದರು. ಆಗಲಿ ಅಂದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿಸಿ ಮಕ್ಕಳಿಗೆ ಪಕ್ಷ ಹಂಚುವವಳು ನಾನೇ. ಈಗ ನನ್ನ ಸರದಿ.

ಮೊದಲು ದುಡ್ಡು. ಎರಡು ಗೋಪುರದ ಒಳ್ಳೆಯ ಏರ್ ಕೂಲರ್ ನಾಲ್ಕು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಹೆಸರಿರುವ ಕಂಪನಿಯ 360ರ ಲಿಕ್ವಿಡ್ ಕೂಲರಿಗೆ ಅದರ ಎರಡು, ಮೂರು ಪಟ್ಟು ಕೊಡಬೇಕು. ಹೆಚ್ಚು ಕೊಟ್ಟಿದ್ದಕ್ಕೆ ಹೆಚ್ಚಿನ ಜನಕ್ಕೆ ಸಿಗುವುದು ಬಣ್ಣದ ದೀಪ ಮಾತ್ರ. ಕೇಸಿಗೆ ಗಾಜಿನ ಬಾಗಿಲು, ಒಳಗೆ ದೀಪಾವಳಿ. ಅಷ್ಟಕ್ಕೆ ಆಸೆ ಇದ್ದರೆ ಸೀರಿಯಲ್ ಸೆಟ್ ಹಾಕಿಸಿದರೆ ಸಾಲದೇ?

ಯಾವ ಪ್ರೊಸೆಸರಿಗೆ ಅನ್ನುವುದನ್ನೂ ನೋಡಬೇಕು. ರೈಜೆನ್ 5 7600 ಅಂಥದ್ದು 65 ವ್ಯಾಟಿನದು, ಡಬ್ಬದಲ್ಲೇ ಕೂಲರ್ ಬರುತ್ತದೆ. ಗೇಮಿಂಗ್‌ಗೆ ಎಲ್ಲರೂ ಹೊಗಳುವ 7800ಎಕ್ಸ್3ಡಿ ಕೂಡ 120 ವ್ಯಾಟಿನದು, ಆಟ ಆಡುವಾಗ ಅಷ್ಟನ್ನೂ ಎಳೆಯುವುದಿಲ್ಲ. ದೊಡ್ಡ ಪ್ರೊಸೆಸರನ್ನೇ ಕೊಂಡವರಿಗೂ ಬಯಾಸ್‌ನಲ್ಲಿ ಇಕೊ ಮೋಡ್ ಇದೆ. 170 ವ್ಯಾಟಿನದನ್ನು 105ಕ್ಕೆ ಇಳಿಸಿದರೆ ವೇಗ ಸ್ವಲ್ಪವೇ ಕಡಿಮೆಯಾಗುತ್ತದೆ, ಬಿಸಿ ತುಂಬ ಕಡಿಮೆಯಾಗುತ್ತದೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಇನ್ನು ನೆತ್ತಿಯ ಮೇಲಿನ ರೇಡಿಯೇಟರಿನ ವಾದ. ಅದು ಎಳೆದುಕೊಳ್ಳುವುದೂ ಕೇಸಿನ ಒಳಗಿನ ಗಾಳಿಯನ್ನೇ. ಏರ್ ಕೂಲರ್ ಭಾರ ಅಂತಾರೆ. ಭಾರ ಅನ್ನಿಸಿದರೆ ಎತ್ತಬೇಡಿ, ಕಂಪ್ಯೂಟರನ್ನು ಇಟ್ಟ ಕಡೆ ಇಡಿ.

ಈ ಪಕ್ಷದ ಗಟ್ಟಿ ಮಾತು ಅಂದರೆ ಬಾಳಿಕೆ. ಅಲ್ಯೂಮಿನಿಯಂ ರೆಕ್ಕೆ, ತಾಮ್ರದ ಕೊಳವೆ, ಇದರಲ್ಲಿ ಕೆಡಲು ಏನಿದೆ? ಫ್ಯಾನ್ ಕೆಟ್ಟರೆ ಕೆಲವು ನೂರು ರೂಪಾಯಿ ಕೊಟ್ಟು ಬೇರೆ ಸಿಗಿಸಬಹುದು. ಲಿಕ್ವಿಡ್‌ನಲ್ಲಿ ಹಗಲು ರಾತ್ರಿ ತಿರುಗುವ ಪಂಪ್ ಇದೆ. ಒಳಗಿನ ದ್ರವ ರಬ್ಬರ್ ಪೈಪಿನ ಗೋಡೆಯಿಂದಲೇ ವರ್ಷಗಟ್ಟಲೆ ಚೂರುಚೂರೇ ಆರುತ್ತದೆ. ಹೆಚ್ಚಿನವುಗಳಲ್ಲಿ ಮತ್ತೆ ತುಂಬಲು ದಾರಿಯೇ ಇಲ್ಲ. ಪಂಪ್ ನಿಂತ ಗಳಿಗೆ, ಸಾವಿರಾರು ರೂಪಾಯಿಯ ಆ ವಸ್ತು ಪ್ರೊಸೆಸರ್ ಮೇಲೆ ಇಟ್ಟ ಬಿಸಿನೀರಿನ ಚೀಲ. 2004ರಲ್ಲಿ ಆ್ಯಪಲ್ ತನ್ನ 2.5 ಗಿಗಾಹರ್ಟ್ಸ್ ಪವರ್ ಮ್ಯಾಕ್ ಜಿ5ಗೆ ದ್ರವದ ಕೂಲಿಂಗ್ ಇಟ್ಟಿತ್ತು. ಕೆಲವು ವರ್ಷ ಕಳೆದ ಮೇಲೆ ಅವುಗಳಲ್ಲಿ ಹಲವು ಸೋರಿದವು. ಇಪ್ಪತ್ತು ವರ್ಷದ ಹಿಂದಿನ ಮಾತು ಅಂತ ನನಗೂ ಗೊತ್ತು. ಚೆನ್ನಾಗಿದೆ, ಬಿಡಲು ಮನಸ್ಸಾಗಲಿಲ್ಲ.

ಸದ್ದಿನ ಬಗ್ಗೆ ನನ್ನ ಅನುಭವವನ್ನೇ ಹೇಳುತ್ತೇನೆ. ಮೈಸೂರಿನ ನಮ್ಮ ಬೀದಿಗೆ ನಲ್ಲಿ ನೀರು ಬರುವುದು ರಾತ್ರಿ ಹೊತ್ತು. ಅಮ್ಮನ ಕಿವಿ ನಿದ್ದೆಯಲ್ಲೂ ಟ್ಯಾಂಕಿನ ಕಡೆಗೇ ಇರುತ್ತದೆ. ಒಂದು ರಾತ್ರಿ ನಾನು ಉತ್ತರಪತ್ರಿಕೆಯ ಅಂಕಗಳನ್ನು ಕಂಪ್ಯೂಟರಿಗೆ ಹಾಕುತ್ತ ಕೂತಿದ್ದೆ. ಅಮ್ಮ ಎದ್ದು ಬಂದು ‘ಟ್ಯಾಂಕ್ ತುಂಬಿ ಹರೀತಿದೆ ಕಣೇ, ಮೋಟರ್ ಆಫ್ ಮಾಡಬಾರದಾ?’ ಅಂದರು. ಮೋಟರ್ ಹಾಕಿಯೇ ಇರಲಿಲ್ಲ. ಅವರು ಟಾರ್ಚ್ ಹಿಡಿದು ತಾರಸಿಗೆ ಹೋಗಿ ನೋಡಿ ಬಂದರು. ಟ್ಯಾಂಕ್ ಅರ್ಧ ಖಾಲಿ. ಮತ್ತೆ ಮಲಗಿದರು, ಮತ್ತೆ ‘ಗುಳುಗುಳು’. ಮೂರನೇ ಸಲ ಅಮ್ಮ ನೇರ ಬಂದು ನನ್ನ ಮೇಜಿನ ಕೆಳಗೆ ಬಗ್ಗಿ ಕಿವಿಯಿಟ್ಟರು. ‘ಇದರ ಹೊಟ್ಟೇಲಿ ನೀರಿದೆ’ ಅಂದರು.

ಇತ್ತು. 240ರ ಲಿಕ್ವಿಡ್ ಕೂಲರ್. ಹೌದು, ನನ್ನದೇ.

ಒಂದು ವಾರ ಅಮ್ಮನಿಗೆ ಸರಿಯಾಗಿ ನಿದ್ದೆಯಿಲ್ಲ. ಕೊನೆಗೆ ಒಂದು ಭಾನುವಾರ ಕೇಸ್ ಬಿಚ್ಚಿ ಕೂತೆ. ಅಂಗಡಿಯವರು ರೇಡಿಯೇಟರನ್ನು ಮುಂಭಾಗಕ್ಕೆ, ಪೈಪುಗಳು ಮೇಲಿನ ತುದಿಯಿಂದ ಹೊರಡುವ ಹಾಗೆ ಕೂರಿಸಿದ್ದರು. ಒಳಗೆ ಸ್ವಲ್ಪ ಗಾಳಿ ಇದ್ದೇ ಇರುತ್ತದೆ. ಅದು ಮೇಲಕ್ಕೆ ಹೋಗಿ ಸೇರುವುದು ಸಹಜ. ಸರಿಯಾಗಿ ಅಲ್ಲೇ ಪೈಪಿನ ಬಾಯಿ. ಪಂಪ್ ನೀರಿನ ಜೊತೆ ಗಾಳಿಯನ್ನೂ ಎಳೆದುಕೊಂಡು ಗುಳುಗುಳು ಅನ್ನುತ್ತಿತ್ತು. ಫ್ಯಾನ್ ಸಮೇತ ಬಿಚ್ಚಿ, ತಲೆಕೆಳಗು ಮಾಡಿ, ಪೈಪುಗಳು ಕೆಳಗಿನಿಂದ ಬರುವ ಹಾಗೆ ಹಾಕಿದೆ. ಪೈಪು ಸಾಲುತ್ತದೋ ಇಲ್ಲವೋ ಅನ್ನುವಷ್ಟು ಬಿಗಿಯಾಯಿತು, ಆದರೂ ಮುಟ್ಟಿತು. ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿದೆಯಾ ಅಂತ ಸ್ಕೇಲ್ ಇಟ್ಟು ನೋಡಿದೆ. ಸ್ವಿಚ್ ಹಾಕಿ ಕೇಸನ್ನು ಒಂದೆರಡು ಸಲ ಆ ಕಡೆ ಈ ಕಡೆ ವಾಲಿಸಿದ ಮೇಲೆ ಸದ್ದು ಪೂರ್ತಿ ನಿಂತಿತು. ಮೂರು ವರ್ಷ ಆಯಿತು, ಮತ್ತೆ ಕೇಳಿಲ್ಲ.

ಈ ಕೊನೆಯ ಭಾಗ ನನ್ನ ಪಕ್ಷಕ್ಕೆ ಅಷ್ಟೇನೂ ಒದಗುವುದಿಲ್ಲ ಅಂತ ಬರೆದಾದ ಮೇಲೆ ಹೊಳೆಯಿತು. ಬಾಳಿಕೆಯ ಮಾತನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಮೂರು ವರ್ಷ ಓಡಿದ್ದು ಆರು ವರ್ಷ ಓಡಬೇಕಲ್ಲ.

ಹೋದ ತಿಂಗಳು ಕೊನೆಯ ವರ್ಷದ ಹುಡುಗನೊಬ್ಬ ಹೊಸ ಕಂಪ್ಯೂಟರ್ ಜೋಡಿಸುತ್ತೇನೆ, ಕೂಲರ್ ಯಾವುದು ತಗೊಳ್ಳಲಿ ಅಂತ ಕೇಳಿದ. ಅವನದು 7600. ಡಬ್ಬದ ಜೊತೆ ಬಂದಿದ್ದೇ ಸಾಕು, ಬೇಕಿದ್ದರೆ ಒಂದು ಸಣ್ಣ ಟವರ್ ಹಾಕು, ಉಳಿದ ದುಡ್ಡಿಗೆ ಎಸ್‌ಎಸ್‌ಡಿ ದೊಡ್ಡದು ತಗೋ ಅಂತ ಅರ್ಧ ಗಂಟೆ ಹೇಳಿದೆ. ಎಲ್ಲ ಬರೆದುಕೊಂಡ. ಹೊರಡುವಾಗ ಬಾಗಿಲಲ್ಲಿ ನಿಂತು, ‘ಮೇಡಂ, ನಿಮ್ಮದ್ರಲ್ಲಿ ಯಾವುದಿದೆ?’ ಅಂದ.

ಕ್ಲಾಸಿಗೆ ಹೊತ್ತಾಯಿತು ಅಂದೆ.