ಪ್ರಿಂಟರ್ ಇದ್ದವನೇ ಕಾರ್ಪೊರೇಟರ್

2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಪಾಲಿಕೆಯ ಅವಧಿ ಮುಗಿಯಿತು. 198 ಕಾರ್ಪೊರೇಟರ್‌ಗಳು ಮಾಜಿಗಳಾದರು. ಐದು ವರ್ಷ ಕಳೆದರೂ ಅವರ ಜಾಗಕ್ಕೆ ಯಾರೂ ಆರಿಸಿ ಬರಲಿಲ್ಲ. ಅಷ್ಟೂ ಕಾಲ ನಮ್ಮ ಅಡ್ಡರಸ್ತೆಯಲ್ಲಿ ಜನ ಆರಿಸಿದ ಪ್ರತಿನಿಧಿ ಅಂತ ಯಾರಾದರೂ ಇದ್ದರೆ ಅದು ನಾನೊಬ್ಬನೇ. ನಿವಾಸಿಗಳ ಸಂಘದ ಕಾರ್ಯದರ್ಶಿ. ಅದೂ ಅವಿರೋಧ ಆಯ್ಕೆ.

ಇದಕ್ಕೆ ನನ್ನ ಮಾತುಗಾರಿಕೆ ಕಾರಣವಲ್ಲ, ಸಮಾಜಸೇವೆಯಂತೂ ಅಲ್ಲವೇ ಅಲ್ಲ. ನಮ್ಮ ಮನೆಯಲ್ಲಿ ಪ್ರಿಂಟರ್ ಇದೆ. ಮಗಳ ಸ್ಕೂಲ್ ಪ್ರಾಜೆಕ್ಟ್‌ಗೆ ಅಂತ ತಂದಿದ್ದು. "ಅರ್ಜಿ ಬರೆದು ಪ್ರಿಂಟ್ ತೆಗೆಯೋಕೆ ಒಬ್ಬರು ಬೇಕಲ್ಲಪ್ಪಾ" ಅಂತ ಎದುರುಮನೆಯ ನಿವೃತ್ತ ಮೇಷ್ಟ್ರು ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಕೈ ಎತ್ತುವ ಶಾಸ್ತ್ರವೂ ನಡೆಯಲಿಲ್ಲ. ಚಪ್ಪಾಳೆ ತಟ್ಟಿ, ಉಳಿದ ಬೋಂಡ ಕಟ್ಟಿಸಿಕೊಂಡು ಹೋದರು. ಖಜಾಂಚಿ ಮಾತ್ರ ಬಂದಿರಲಿಲ್ಲ. ಅವರು ಯಾವತ್ತೋ ಮನೆ ಖಾಲಿ ಮಾಡಿ ಹೊಸಕೋಟೆ ಕಡೆ ಹೋಗಿದ್ದರಂತೆ. ಖಜಾನೆಯಲ್ಲಿ ಏನೂ ಇರಲಿಲ್ಲವಾದ್ದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ.

ಕಾರ್ಪೊರೇಟರ್‌ಗೆ ಬರುವ ಅನುದಾನ ನನಗೆ ಬರಲಿಲ್ಲ. ಬೈಗುಳ ಮಾತ್ರ ಒಂದೂ ಕಡಿಮೆಯಾಗದೆ ಬಂತು. ಬೆಳಗ್ಗೆ ಹಾಲಿನವನಿಗಿಂತ ಮುಂಚೆ ಬೆಲ್ ಒತ್ತುವವರು ಮಹಡಿ ಮನೆಯವರು. ಅವರಿಗೆ ನೀರಿನದ್ದೇ ಚಿಂತೆ. ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಹತ್ತಿರ ಹತ್ತಿರ 500 ಮೀಟರ್ ಎತ್ತರ ಹತ್ತಿ ಬೆಂಗಳೂರಿಗೆ ಬರುತ್ತದೆ ಅಂತ ಒಂದು ದಿನ ಸಮಾಧಾನ ಹೇಳಲು ಹೋದೆ. "ಅಷ್ಟು ದೂರ ಬಂದಿದ್ದಕ್ಕೆ, ನಮ್ಮ ಸಂಪಿಗೆ ಇನ್ನೊಂದು ಮೂವತ್ತಡಿ ಬರೋಕೆ ಏನು ರೋಗ?" ಅಂದರು. ಈಗ ಅವರು ಬಂದರೆ ಅಂಕಿ ಅಂಶ ಹೇಳುವುದಿಲ್ಲ, ಕಾಫಿ ಕೊಡುತ್ತೇನೆ.

ಕಸದ ವಿಷಯಕ್ಕೆ ಕಾಫಿಯೂ ಸಾಲದು. ಮನೆಯಲ್ಲಿ ಎರಡು ಡಬ್ಬ, ಒಂದು ಚೀಲ ಇಡಿ ಅಂತ 2015ರ ಡಿಸೆಂಬರ್‌ನಲ್ಲೇ ಹೈಕೋರ್ಟ್ ಹೇಳಿದೆ. ಹಸಿ ಕಸಕ್ಕೆ ಹಸಿರು ಡಬ್ಬ, ಡೈಪರ್ ಥರದ್ದಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. ಇಷ್ಟೇ. ಆದರೆ ಎಳನೀರು ಬುರುಡೆ ಬಂದರೆ ಸಂವಿಧಾನ ಪೀಠವೇ ಕೂರಬೇಕು. "ಹಸಿ ಇದ್ದಾಗ ಹಸಿ, ಒಣಗಿದ ಮೇಲೆ ಒಣ" ಅಂತ ಮೇಷ್ಟ್ರು ತೀರ್ಪು ಕೊಟ್ಟರು. "ಒಣಗೋ ತನಕ ಎಲ್ಲಿಡೋದು ಸಾರ್?" ಅಂತ ಮಹಡಿ ಮನೆಯವರು ಕೇಳಿದರು. "ನಿಮ್ಮ ಗೇಟ್ ಮುಂದೆ." ಆವತ್ತಿನ ಸಭೆ ಅಲ್ಲಿಗೇ ಬರಖಾಸ್ತು.

ಬೀದಿದೀಪದ ಕಥೆ ಇನ್ನೊಂದು ಥರ. ದೀಪ ಉರಿಯುತ್ತಿಲ್ಲ ಅಂತ ಫೋನ್ ಮಾಡಿದರೆ ಕಂಬದ ನಂಬರ್ ಕೇಳಿದರು. ನಂಬರ್ ಕಂಬದ ಮೇಲೇ ಇದೆ. ಅದರ ಮೇಲೆ ಪೇಯಿಂಗ್ ಗೆಸ್ಟ್ ಚೀಟಿ, ಅದರ ಮೇಲೆ ಟ್ಯೂಷನ್ ಚೀಟಿ, ಅದರ ಮೇಲೆ ಮೂಲವ್ಯಾಧಿ ಗುಣಪಡಿಸುವವರ ಚೀಟಿ. ದೋಸೆ ಮಗುಚುವ ಕೈ ತಂದು ಕೆರೆಯತೊಡಗಿದೆ. ಮೂಲವ್ಯಾಧಿ ಹೋಗಿ, ಟ್ಯೂಷನ್ ಅರ್ಧ ಹೋಗುವಷ್ಟರಲ್ಲಿ ಬೈಕೊಂದು ಗಕ್ಕನೆ ನಿಂತಿತು. ಟ್ಯೂಷನ್ ಮಾಡುವವನೇ ಬಂದಿದ್ದ. "ಏನ್ ಸಾರ್, ಹೊಟ್ಟೆ ಮೇಲೆ ಹೊಡೀತೀರಾ? ನೀವೂ ಟ್ಯೂಷನ್ ಶುರು ಮಾಡಿದ್ದೀರಾ?" ಕಂಬದ ನಂಬರ್ ನೋಡ್ತಿದ್ದೀನಪ್ಪಾ ಅಂದರೆ ನಂಬಲೇ ಇಲ್ಲ. ಕೈಯಲ್ಲಿ ದೋಸೆ ಮಗುಚುವ ಕೈ ಹಿಡಿದುಕೊಂಡು ಬೀದಿಯಲ್ಲಿ ನಿಂತವನ ಮಾತನ್ನು ನಾನಾದರೂ ನಂಬುತ್ತಿರಲಿಲ್ಲ, ಬಿಡಿ. ಕೊನೆಗೆ ಮೇಷ್ಟ್ರು ಬಂದು, ನನಗೆ ಮಗ್ಗಿಯೂ ಸರಿಯಾಗಿ ಬರುವುದಿಲ್ಲ ಅಂತ ಸಾಕ್ಷಿ ಹೇಳಿ ಬಿಡಿಸಿಕೊಂಡರು.

ನಮ್ಮ ರಸ್ತೆಯ ನಿಜವಾದ ದಾಖಲೆ ಇಲಾಖೆಯವರ ಕಡತದಲ್ಲಿಲ್ಲ, ಮೂಲೆಮನೆ ಅಜ್ಜಿಯ ಬಾಗಿಲಲ್ಲಿದೆ. ಅವರು ಮನೆ ಕಟ್ಟಿಸಿದಾಗ ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗಬೇಕಿತ್ತಂತೆ. ಡಾಂಬರು ಹಾಕುವಾಗ ಹಳೆಯದನ್ನು ಕೆರೆದು ತೆಗೆದು ಹೊಸದು ಹಾಕಬೇಕು. ಕೆರೆಯುವ ಖರ್ಚು ಯಾರಿಗೆ ಬೇಕು? ಹಳೆಯದರ ಮೇಲೇ ಹೊಸದು ಬಿತ್ತು. ಪ್ರತಿ ಚುನಾವಣೆಗೂ ರಸ್ತೆ ಒಂದೊಂದು ಗೇಣು ಮೇಲೆದ್ದಿತು. "ಮೊದಲನೇ ಮೆಟ್ಟಿಲು ನುಂಗಿದ್ದು 2010ರ ಎಲೆಕ್ಷನ್ನು. ಎರಡನೇದು 2015ರದ್ದು" ಅಂತ ಅಜ್ಜಿ ಬೆರಳು ಮಡಿಸುತ್ತಾರೆ. ಮೂರನೆಯದು ಕೇಬಲ್‌ಗೆ ಅಗೆದು ಮುಚ್ಚಿದವರ ಪಾಲಾಯಿತು. ಈಗ ರಸ್ತೆಯಿಂದ ಅವರ ಮನೆಗೆ ಇಳಿದು ಹೋಗಬೇಕು. ಮಳೆ ನೀರೂ ಹಾಗೇ ಇಳಿದು ಹೋಗುತ್ತದೆ, ಬಾಗಿಲು ತಟ್ಟದೆ. ಏಪ್ರಿಲ್ ಬಂದರೆ ಅಜ್ಜಿ ಹೊಸ್ತಿಲಿಗೆ ಮರಳಿನ ಮೂಟೆ ಒಡ್ಡುತ್ತಾರೆ. ಒಂದು ಸಲ ನಾನೇ ಉತ್ಸಾಹದಲ್ಲಿ, ರಸ್ತೆಗೆ ಡಾಂಬರು ಹಾಕಿಸಿ ಅಂತ ಅರ್ಜಿ ಬರೆದು ಸಹಿಗೆ ಒಯ್ದೆ. ಅಜ್ಜಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ವಾಪಸ್ ಕೊಟ್ಟರು. "ಗುಂಡಿ ಇರಲಿ ಬಿಡಪ್ಪ. ಇನ್ನೊಂದು ಸಲ ಡಾಂಬರು ಬಿದ್ದರೆ ನಾನು ಏಣಿ ಹಾಕ್ಕೊಂಡು ರಸ್ತೆಗೆ ಹತ್ತಬೇಕು."

ಅರ್ಜಿ ಬರೆಯುವವನಿಗೆ ಇನ್ನೊಂದು ತಾಪತ್ರಯ ಇದೆ. ಯಾರಿಗೆ ಬರೆಯಬೇಕು? ಈ ಊರು ಸೇರುವುದು, ಒಡೆಯುವುದು ಮೊದಲಿನಿಂದ ಇದ್ದದ್ದೇ. 1862ರಲ್ಲಿ ಪೇಟೆಗೊಂದು, ಬ್ರಿಟಿಷರ ಸೈನ್ಯವಿದ್ದ ದಂಡಿಗೊಂದು ಮುನಿಸಿಪಾಲಿಟಿ. 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್. 2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಕೂಡಿ 'ಬೃಹತ್' ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಅಣ್ಣತಮ್ಮಂದಿರು ಪಾಲಾದ ಹಾಗೆ ಐದು ಪಾಲಿಕೆ ಆಯಿತು. ನಡುವೆ ವಾರ್ಡ್‌ಗಳ ಲೆಕ್ಕ 198 ಇದ್ದದ್ದು 243 ಆಯಿತು, ಆಮೇಲೆ 225 ಅಂದರು, ಈಗ ಐದೂ ಪಾಲಿಕೆ ಸೇರಿ 369. ಇಷ್ಟೆಲ್ಲಾ ಗುಣಾಕಾರ ಭಾಗಾಕಾರ ಆಗುವಾಗ ಒಬ್ಬನೇ ಒಬ್ಬ ಕಾರ್ಪೊರೇಟರ್ ಇರಲಿಲ್ಲ ಅನ್ನುವುದೇ ಮಜಾ. ನಾವು ಕೂತ ಜಾಗ ಬಿಟ್ಟು ಕದಲಲಿಲ್ಲ, ವಾರ್ಡ್ ಮಾತ್ರ ಬದಲಾಗುತ್ತಾ ಹೋಯಿತು. ಸಂಘದ ಲೆಟರ್‌ಹೆಡ್‌ನಲ್ಲಿ ವಾರ್ಡ್ ನಂಬರಿನ ಜಾಗ ಖಾಲಿ ಬಿಟ್ಟು ಪೆನ್ಸಿಲ್‌ನಲ್ಲಿ ಬರೆಯುವ ಪದ್ಧತಿ ತಂದೆ. ನನ್ನ ಆಡಳಿತದ ಅತಿ ದೊಡ್ಡ ಸುಧಾರಣೆ ಅದೇ.

369 ವಾರ್ಡ್ ಅಂದಮೇಲೆ ಆಕಾಂಕ್ಷಿಗಳು ಎಷ್ಟಿರಬಹುದು, ಲೆಕ್ಕ ಹಾಕಿ. ಬೀದಿಯ ಅಷ್ಟೂ ಮನೆಯ ಫೋನ್ ನಂಬರ್ ನನ್ನ ಹತ್ತಿರ ಇರುವ ವಿಷಯ ಹೇಗೋ ಅವರಿಗೆ ಗೊತ್ತಾಯಿತು. ಅಲ್ಲಿಯವರೆಗೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದವರೆಲ್ಲ "ಅಣ್ಣಾ, ಊಟ ಆಯ್ತಾ?" ಅಂತ ಕೇಳತೊಡಗಿದರು. ನಂಬರ್ ಕೊಡುವುದಿಲ್ಲ ಅಂದೆ. "ನಂಬರ್ ಬೇಡಣ್ಣ, ನಿಮ್ಮ ಆಶೀರ್ವಾದ ಸಾಕು" ಅಂತ ಒಬ್ಬ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಆಶೀರ್ವಾದ ಮುಂದಿನ ವಾರ ಬೀದಿ ಮೂಲೆಯಲ್ಲಿ ಎದ್ದು ನಿಂತಿತು. ಎರಡು ಕಂಬಕ್ಕೆ ಕಟ್ಟಿದ ಹುಟ್ಟುಹಬ್ಬದ ಫ್ಲೆಕ್ಸ್. ನಡುವೆ ಬಿಳಿ ಶರ್ಟ್, ಕಪ್ಪು ಕನ್ನಡಕದ ಆಕಾಂಕ್ಷಿ ಫೋನಿನಲ್ಲಿ ಮಾತಾಡುತ್ತಿದ್ದಾನೆ. ಕೆಳಗೆ 'ಶುಭ ಕೋರುವವರು' ಸಾಲಿನಲ್ಲಿ ಮೂರನೆಯವನು ನಾನು. ರಾಜ್ಯೋತ್ಸವದ ಗುಂಪು ಫೋಟೋದಿಂದ ಕತ್ತರಿಸಿ ತೆಗೆದಿದ್ದಾರೆ. ನನ್ನ ಭುಜದ ಮೇಲೆ ಮೇಷ್ಟ್ರ ಅರ್ಧ ಕಿವಿ ಉಳಿದುಕೊಂಡಿದೆ. ಹೆಸರಿನ ಕೆಳಗೆ 'ಯುವ ಮುಖಂಡರು'.

2018ರಲ್ಲಿ ಹೈಕೋರ್ಟ್ ಗದರಿದಾಗ ನಗರದ ಫ್ಲೆಕ್ಸ್‌ಗಳೆಲ್ಲ ಸರಸರ ಇಳಿದದ್ದು ಮೇಷ್ಟ್ರಿಗೆ ಚೆನ್ನಾಗಿ ನೆನಪಿದೆ. ಸಂಜೆಯೇ ಬಂದರು. "ಕಾರ್ಯದರ್ಶಿಗಳೇ, ಇದು ಅಕ್ರಮ. ಸಂಘದ ಪರವಾಗಿ ದೂರು ಕೊಡಿ. ಅದರಲ್ಲಿ ನನ್ನ ಕಿವಿ ಬೇರೆ ಇದೆ." ಫೋಟೋ ಸಮೇತ ಕೊಡಬೇಕಂತೆ. ಆರೋಪಿಯೂ ನಾನೇ, ದೂರುದಾರನೂ ನಾನೇ.

ಮಾರನೇ ಬೆಳಗ್ಗೆ ಜನ ಏಳುವ ಮುಂಚೆ ಮೊಬೈಲ್ ಹಿಡಿದು ಹೋದೆ. ಫ್ಲೆಕ್ಸ್ ಬರಬೇಕು, ನಾನು ಬರಬಾರದು. ಎಡಕ್ಕೆ ಹೋದರೆ ಆಕಾಂಕ್ಷಿ ತಪ್ಪುತ್ತಾನೆ, ಬಲಕ್ಕೆ ಬಂದರೆ ನಾನು ಇನ್ನೂ ದೊಡ್ಡದಾಗಿ ಕಾಣುತ್ತೇನೆ. ಮಂಡಿಯೂರಿ ಒಂದು ಕೋನ ಹುಡುಕುತ್ತಿದ್ದೆ. ಅಜ್ಜಿ ಮರಳಿನ ಮೂಟೆಯ ಹಿಂದಿನಿಂದ ಕತ್ತೆತ್ತಿ ನೋಡಿದರು.

"ಚೆನ್ನಾಗಿ ಬಂದಿದೆ ಕಣಪ್ಪ, ಎಷ್ಟು ಸಲ ತೆಗೀತೀಯ? ನಿಂಗೆ ಯಾವ ಪಾರ್ಟಿ ಟಿಕೆಟ್ಟು?"