ಮೇಷ್ಟ್ರ ಬೆರಳು ಮತ್ತು ನಾಲ್ಕನೇ ಚಾನೆಲ್

ಸೌಂಡ್ ಚೆನ್ನಾಗಿದ್ದರೆ ಹಾಡಿದವರಿಗೆ ಚಪ್ಪಾಳೆ. ಮೈಕ್ 'ಕುಂಯ್' ಅಂದರೆ ಇಡೀ ಸಭೆ ಕತ್ತು ತಿರುಗಿಸಿ ನೋಡುವುದು ನನ್ನನ್ನು. ಮೊನ್ನೆ ಭಾನುವಾರ ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ಎಷ್ಟು ಸಲ ತಿರುಗಿದರೋ, ಸೋಮವಾರ ಅರ್ಧ ಬಡಾವಣೆಗೆ ಕತ್ತು ಉಳುಕಿರಬೇಕು.

ಮೈಕ್‌ಸೆಟ್ ನೋಡಿಕೊಳ್ಳುವ ಈ ಕೆಲಸ ನನಗೆ ಅಂಟಿದ್ದು ಹೀಗೆ. ಪ್ರತಿವರ್ಷ ಮೈಕ್‌ಸೆಟ್‌ಗೆ ಬಾಡಿಗೆ ತೆತ್ತು ಬೇಸತ್ತ ಸಂಘದವರು ಎಸ್.ಪಿ. ರೋಡಿನಿಂದ ಮೈಕುಗಳ ದನಿಯನ್ನೆಲ್ಲ ಬೆರೆಸುವ 8 ಚಾನೆಲ್ಲಿನ ಮಿಕ್ಸರ್ ತಂದರು. ಬಾಕ್ಸ್ ಬಿಚ್ಚಿದ ಮೇಲೆ, ಅದನ್ನು ನಡೆಸುವವನು ಒಳಗಿಲ್ಲ ಅಂತ ಗೊತ್ತಾಯಿತು. "ನೀವು ಸಾಫ್ಟ್‌ವೇರ್ ಅಲ್ವಾ ಸಾರ್, ಇದೂ ಅದೇ ತಾನೇ?" ಅಂದರು ಕಾರ್ಯದರ್ಶಿಗಳು.

ಮಿಕ್ಸರ್ ನೋಡುವುದಕ್ಕೆ ಭಯ, ಅಷ್ಟೆ. ಒಂದು ಚಾನೆಲ್, ಅಂದರೆ ಒಂದು ಮೈಕಿನ ಗುಂಡಿಗಳ ಸಾಲು, ಅರ್ಥವಾದರೆ ಮಿಕ್ಕವು ಹೆಚ್ಚುಕಡಿಮೆ ಅದರದೇ ಜೆರಾಕ್ಸ್. ಮೇಲುಗಡೆ, ಮೈಕಿನ ದನಿಯನ್ನು ಒಳಗೆ ಬರುವಾಗಲೇ ಹಿಗ್ಗಿಸುವ ಗೇನ್; ಅದರ ಕೆಳಗೆ ದನಿಯ ಕೀಚಲು, ನಡು, ದಪ್ಪ ಭಾಗಗಳಿಗೆ ಹೈ, ಮಿಡ್, ಲೋ; ಆಮೇಲೆ ವೇದಿಕೆಯ ಮಾನಿಟರಿಗೆ (ಹಾಡುವವರು ತಮ್ಮ ದನಿ ತಾವೇ ಕೇಳಿಸಿಕೊಳ್ಳುವ ಸ್ಪೀಕರು) ದನಿ ಕಳಿಸುವ ಆಕ್ಸ್; ದನಿಯನ್ನು ಎಡಬಲಕ್ಕೆ ಸರಿಸುವ ಪ್ಯಾನ್ (ನಮ್ಮದು ಮೋನೋ, ಎಡಕ್ಕೂ ಬಲಕ್ಕೂ ಒಂದೇ ದನಿ, ಹಾಗಾಗಿ ಅದಕ್ಕೆ ಸಂಬಳವಿಲ್ಲದ ಕೆಲಸ); ಕೊನೆಗೆ ಸಭೆಗೆ ಕೇಳುವ ದನಿಯನ್ನು ಏರಿಸಿ ಇಳಿಸುವ, ಜಾರುವ ಫೇಡರ್. ಗೇನ್ ಅಂದರೆ ವಾಲ್ಯೂಮ್ ಅಲ್ಲ ಅಂತ ನಾನು ಸಂಘದ ಮೀಟಿಂಗಿನಲ್ಲಿ ಮೂರು ಸಲ ಹೇಳಿದ್ದೇನೆ. ಆ ಒಂದು ಚಾನೆಲ್ಲಿನ ದನಿಯನ್ನಷ್ಟೇ ಮೀಟರಿನಲ್ಲಿ ತೋರಿಸುವ ಪಿಎಫ್‌ಎಲ್ ಗುಂಡಿ ಒತ್ತಿ, ಹಾಡುವವರಿಂದ ಗಟ್ಟಿಯಾಗಿ ಒಂದು ಸಾಲು ಹಾಡಿಸಿ, ಮೀಟರು ಸೊನ್ನೆಯ (ಇಲ್ಲಿ ಸೊನ್ನೆ ಅಂದರೆ ಮೌನವಲ್ಲ, ಹದವಾದ ಮಟ್ಟ) ಆಸುಪಾಸು ಬರುವಂತೆ ಗೇನ್ ಇಟ್ಟು ಅದರ ತಂಟೆ ಬಿಟ್ಟುಬಿಡಬೇಕು. ಆಮೇಲೆ ಏನಿದ್ದರೂ ಫೇಡರ್. ಇದು ಪುಸ್ತಕದ ಮಾತು. ನಮ್ಮಲ್ಲಿ ಟೆಸ್ಟಿಂಗ್ ಅಂದರೆ ಎಲ್ಲರೂ "ಹಲೋ, ಒನ್ ಟೂ ತ್ರೀ" ಅಂತ ಗುಟ್ಟು ಹೇಳಿದ ಹಾಗೆ ಹೇಳುತ್ತಾರೆ. ಆ ಲೆಕ್ಕಕ್ಕೆ ಗೇನ್ ಇಟ್ಟರೆ, ಕಾರ್ಯಕ್ರಮದಲ್ಲಿ ಬಾಯಿ ತೆರೆದ ಕೂಡಲೇ ದನಿ ಮಿತಿಮೀರಿತು ಅನ್ನುವ ಕೆಂಪು ದೀಪ. ನಾಡಗೀತೆಗೆ 2 ನಿಮಿಷ 30 ಸೆಕೆಂಡು ಅಂತ ಸರ್ಕಾರ ಗೊತ್ತುಮಾಡಿದೆ. ಅದಕ್ಕೆ ಮುಂಚಿನ ಹಲೋಗೆ ಮಾತ್ರ ಯಾರೂ ಮಿತಿ ಹಾಕಿಲ್ಲ.

ಇಷ್ಟರ ಮೇಲೆ ಮುಂದಿನ ಸಾಲಿನಲ್ಲಿ ನಮ್ಮ ನಿವೃತ್ತ ಗಣಿತದ ಮೇಷ್ಟ್ರು. ಸಭೆಯಲ್ಲಿ ಅವರು ಮಾತಾಡುವುದಿಲ್ಲ, ಎಲ್ಲಾ ಕೈಸನ್ನೆ. ಅಂಗೈ ಮೇಲೆತ್ತಿದರೆ ಜಾಸ್ತಿ ಮಾಡು ಅಂತ ನನಗೂ ಗೊತ್ತು. ಏನನ್ನು ಜಾಸ್ತಿ, ತಬಲಾವೋ ಹಾರ್ಮೋನಿಯಮ್ಮೋ, ಅದು ಆ ದೇವರಿಗೇ ಗೊತ್ತು. ಹೋದ ವರ್ಷ ಹಾಗೆ ಅಂಗೈ ಎತ್ತಿದರೆಂದು ತಬಲಾ ಏರಿಸಿದೆ. ಅವರು ಕಾಫಿ ಹಂಚುವ ಹುಡುಗನನ್ನು ಕರೆದಿದ್ದರಂತೆ.

ಈ ಸಲ ಮೊದಲ ಭಾವಗೀತೆಯ ಪಲ್ಲವಿ ಮುಗಿಯುವಷ್ಟರಲ್ಲಿ ಮೇಷ್ಟ್ರು ಹಿಂದಕ್ಕೆ ತಿರುಗಿ, ತೋರುಬೆರಳನ್ನು ಗಾಳಿಯಲ್ಲಿ ಗರಗರ ಸುತ್ತಿಸಿದರು. ನಾಬ್ ತಿರುಗಿಸು ಅಂತ. ಸರಿ, ಯಾವ ನಾಬ್? ಅಷ್ಟರಲ್ಲಿ ಸ್ಪೀಕರಿನಲ್ಲಿ 'ಭುಸ್ಸ್' ಅಂತ ಹಾವಿನ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಭುಸ್ಸ್. ನಾಲ್ಕನೇ ಚಾನೆಲ್, ಹಾಡುತ್ತಿದ್ದ ಅಕ್ಕನ ಮೈಕು. ಮೇಷ್ಟ್ರ ಕಿವಿ ಎಷ್ಟು ಸೂಕ್ಷ್ಮ ಅಂದುಕೊಂಡೆ.

ಹೈ ಇಳಿಸಿದೆ. ಅಕ್ಕ ಕಂಬಳಿ ಹೊದ್ದು ಹಾಡಿದ ಹಾಗಾಯಿತು. ಬೆರಳು ಸುತ್ತಿತು. ಲೋ ಇಳಿಸಿದೆ. ಅಕ್ಕ ಹಳೇ ಟ್ರಾನ್ಸಿಸ್ಟರ್ ಒಳಗೆ ಹೊಕ್ಕರು. ಬೆರಳು ಇನ್ನೂ ಜೋರಾಗಿ ಸುತ್ತಿತು. 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗುಡು ಕತ್ತರಿಸುವ ಪುಟ್ಟ ಗುಂಡಿ ಒತ್ತಿದೆ. ಭುಸ್ ಅರ್ಧಕ್ಕೆ ಇಳಿಯಿತು, ಬೆರಳು ಇಳಿಯಲಿಲ್ಲ. ಮಿಡ್ ಏರಿಸಿದರೆ ಅಕ್ಕನಿಗೆ ನೆಗಡಿ. ಕೊನೆಗೆ ಆಕ್ಸ್ ಮುಟ್ಟಿದ್ದೇ ತಪ್ಪಾಯಿತು. ಮಾನಿಟರಿನಿಂದ ಹೊರಟ ದನಿ ಅದೇ ಮೈಕಿಗೆ ಹೊಕ್ಕು, ಮತ್ತೆ ಮಾನಿಟರಿಗೇ ಬಂದು, ಸುತ್ತಿ ಸುತ್ತಿ ಕುಂಯ್ಯ್ಯ್! ಗಾಬರಿಯಲ್ಲಿ ಫೇಡರ್ ಎಳೆದೆ, ನಿಲ್ಲಲಿಲ್ಲ. ಮಾನಿಟರಿನ ದಾರಿ ಫೇಡರಿಗಿಂತ ಮೊದಲೇ ಕವಲೊಡೆಯುತ್ತದೆ ಅನ್ನುವುದು ಆ ಗಳಿಗೆಯಲ್ಲಿ ಯಾರಿಗೆ ನೆನಪಿರುತ್ತದೆ? ಎಲ್ಲಾ ಕತ್ತುಗಳೂ ತಿರುಗಿದವು. ಅಕ್ಕ ಕಣ್ಣಲ್ಲೇ ಸುಟ್ಟರು.

ಬೆವರು ಒರೆಸಿಕೊಳ್ಳುವಾಗ ಚಿಕ್ಕಂದಿನ ಹನುಮಂತನಗರದ ಮೈಕ್‌ಸೆಟ್ ಅಣ್ಣ ನೆನಪಾದ. ಗಣಪತಿ ಪೆಂಡಾಲಿನ ಪಕ್ಕ ಒಂದು ಕಬ್ಬಿಣದ ಕುರ್ಚಿ, ಒಂದು ಆಂಪ್ಲಿಫೈಯರ್, ಲೈಟು ಕಂಬಕ್ಕೆ ಕಟ್ಟಿದ ಎರಡು ಕಹಳೆ. ಒಂದೇ ಒಂದು ಗುಂಡಿ ತಿರುಗಿಸಿ ಬೀಡಿ ಹಚ್ಚಿಕೊಂಡನೆಂದರೆ ಯಾರ ಬೆರಳನ್ನೂ ನೋಡುತ್ತಿರಲಿಲ್ಲ. ನಮ್ಮನ್ನು ಏನನ್ನೂ ಮುಟ್ಟಲು ಬಿಡುತ್ತಿರಲಿಲ್ಲ. ಗಣಪತಿ ಮೆರವಣಿಗೆ ಹೊರಟ ಮೇಲೆ, ಆಫ್ ಮಾಡುವ ಸ್ವಿಚ್ಚನ್ನು ಮಾತ್ರ ನನ್ನ ಕೈಲಿ ಒತ್ತಿಸುತ್ತಿದ್ದ. ಆಂಪ್ಲಿಫೈಯರಿನ ದೀಪ ಆರಿದ ಮೇಲೆ ಬೀದಿ ಎಷ್ಟು ಖಾಲಿಯಾಗಿ ಕಾಣುತ್ತಿತ್ತು!

ಮೂರನೇ ಹಾಡು ಮುಗಿದಾಗ ಮೇಷ್ಟ್ರೇ ಎದ್ದು ಬಂದರು, ಮಫ್ಲರ್ ಬಿಗಿದುಕೊಂಡು.

"ಏನಪ್ಪಾ, ಆಗ್ಲಿಂದ ಬೆರಳು ಸುತ್ತಿಸ್ತಾ ಇದೀನಿ. ಆ ಫ್ಯಾನ್ ಆಫ್ ಮಾಡಿಸ್ಬಾರ್ದಾ? ಈ ಚಳೀಲಿ ಕಿವಿಗೇ ಹೊಡೀತಾ ಇದೆ!"

ವೇದಿಕೆಯ ಮೂಲೆಯಲ್ಲಿ ಮುಖ್ಯ ಅತಿಥಿಗಳಿಗೆಂದು ಯಾರೋ ತಂದಿಟ್ಟ ಪೆಡೆಸ್ಟಲ್ ಫ್ಯಾನು. ಅತಿಥಿಗಳು ಶಾಲು ಹೊದ್ದು ಆಗಲೇ ಹೊರಟುಹೋಗಿದ್ದರು. ಫ್ಯಾನು ಎಡಕ್ಕೆ ತಿರುಗಿದಾಗ ಮೇಷ್ಟ್ರ ಕಿವಿ, ಬಲಕ್ಕೆ ತಿರುಗಿದಾಗ ಅಕ್ಕನ ಮೈಕು.

ಹೋಗಿ ಆಫ್ ಮಾಡಿದೆ. ಭುಸ್ ನಿಂತಿತು. ವಾಪಸ್ ಬಂದು ಆಕ್ಸನ್ನು ಮೊದಲಿದ್ದಲ್ಲಿಗೆ ಇಳಿಸಿ, ಹೈ, ಮಿಡ್, ಲೋ ಮೂರನ್ನೂ ಗಡಿಯಾರದ ಹನ್ನೆರಡಕ್ಕೆ ತಂದು ನಿಲ್ಲಿಸಿದೆ. ಅಕ್ಕ ಕೊನೆಗೂ ಅಕ್ಕನ ಹಾಗೇ ಹಾಡಿದರು.

ಕಾರ್ಯದರ್ಶಿಗಳು ಓಡಿ ಬಂದು ಬೆನ್ನು ತಟ್ಟಿದರು. "ಸೌಂಡ್ ಅಂದ್ರೆ ಇದು ಸಾರ್! ಏನು ಮಾಡಿದ್ರಿ?"

"ಫ್ಯಾನು" ಅಂದೆ.

ಅವರು ಬಗ್ಗಿ ನಾಲ್ಕನೇ ಚಾನೆಲ್ಲನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಪ್ಯಾನ್ ಅಂತ ಬರೆದಿದ್ದ ನಾಬ್ ಸಿಕ್ಕಿತು. ಅದು ಅಲುಗಾಡದಂತೆ ಮೇಲೊಂದು ಸೆಲ್ಲೋಟೇಪ್ ಅಂಟಿಸಿ, "ಮುಂದಿನ ವರ್ಷದವರೆಗೂ ಇದನ್ನ ಯಾರೂ ಮುಟ್ಟಬಾರದು" ಅಂತ ಮೈಕಿನಲ್ಲೇ ಹೇಳಿಬಂದರು.